ಜಿಮ್‌ನ ಕಾಲು ಬೆಟ್ಟದ ಕಾಲಾಗಲು ಹತ್ತು ವಾರ

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ನೆತ್ತಿ ಮುಟ್ಟಬೇಕಾದರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಹೋಗಿ ಬಂದವರೆಲ್ಲ ಹೇಳುವುದು ಈ ಏರಿನ ಕಥೆಯನ್ನೇ. ನನ್ನನ್ನು ಸೋಲಿಸಿದ್ದು ಇಳಿಜಾರು. ಆ ಹೊತ್ತಿಗೆ ಎರಡು ವರ್ಷದಿಂದ ತಪ್ಪದೆ ಜಿಮ್‌ಗೆ ಹೋಗುತ್ತಿದ್ದೆ, ನೂರು ಕೆ.ಜಿ. ಹೊತ್ತು ಸ್ಕ್ವಾಟ್ ಮಾಡುತ್ತಿದ್ದೆ. ಹತ್ತುವಾಗ ಜೊತೆಯವರಿಗಿಂತ ಮುಂದೆಯೇ ಇದ್ದೆ. ತುದಿಯಿಂದ ತಿರುಗಿ, ಶೇಷಪರ್ವತ ದಾಟಿ, ಬಿಸಿಲಿಗೆ ಬಿರಿದ ಹುಲ್ಲುಗಾವಲಿನಲ್ಲಿ ಇಳಿಯತೊಡಗಿದ ಮೇಲೆ ತೊಡೆಯ ಮುಂಭಾಗ ಉರಿಯತೊಡಗಿತು. ಗಿರಿಗದ್ದೆಯ ಭಟ್ಟರ ಮನೆ ತಲುಪುವಾಗ ಕಾಲು ನಡುಗುತ್ತಿತ್ತು. ಅಲ್ಲಿಂದ ಕೆಳಗೆ ಬೇರು, ಕಲ್ಲು ತುಂಬಿದ ಕಾಡುದಾರಿಯಲ್ಲಿ ಒಂದೊಂದು ಮರ ಹಿಡಿದುಕೊಂಡು ಇಳಿದೆ. ಪಶ್ಚಿಮ ಘಟ್ಟದ ಅಷ್ಟು ಚೆಂದದ ಕಾಡಿನ ನಡುವೆ ನಾಲ್ಕು ತಾಸು ಇದ್ದೂ ನನಗೆ ಕಂಡದ್ದು ನನ್ನ ಶೂ ಮಾತ್ರ. ಇವತ್ತಿಗೂ ನೋವಿಗಿಂತ ಹೆಚ್ಚಾಗಿ ಅದೇ ಬೇಸರ ಉಳಿದಿದೆ.

ಜಿಮ್‌ನಲ್ಲಿ ಗಳಿಸಿದ ಶಕ್ತಿ ಸುಳ್ಳಲ್ಲ. ಆದರೆ ಅದು ಸಮತಟ್ಟು ನೆಲದಲ್ಲಿ, ಎರಡೂ ಕಾಲೂರಿ, ಒಂದು ನಿಮಿಷದೊಳಗೆ ಮುಗಿಯುವ ಕೆಲಸಕ್ಕೆ ಪಳಗಿದ ಶಕ್ತಿ. ಬೆಟ್ಟ ಕೇಳುವುದು ಒಂಟಿ ಕಾಲಿನ ಕೆಲಸ. ಅದೂ ಸೊಟ್ಟ ನೆಲದ ಮೇಲೆ, ಎಂಟು ತಾಸು, ಅದರಲ್ಲಿ ಅರ್ಧದಷ್ಟು ಹೊತ್ತು ಬ್ರೇಕ್ ಹಿಡಿಯುವ ಕೆಲಸ. ಇದ್ದ ಶಕ್ತಿಯನ್ನು ಆ ಕಡೆಗೆ ತಿರುಗಿಸಲು ಹತ್ತು ವಾರ ಸಾಕು. ಹೊಸ ಮೆಂಬರ್‌ಶಿಪ್, ಹೊಸ ಯಂತ್ರ ಏನೂ ಬೇಡ. ನಾನು ಮಾಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವ, ಬೆಂಗಳೂರು ಅಥವಾ ಮೈಸೂರು ಕಡೆ ಇರುವ, ಆರೋಗ್ಯವಂತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬಿಪಿ, ಸಕ್ಕರೆ ಕಾಯಿಲೆ, ಎದೆನೋವು, ಹಳೆಯ ಮಂಡಿ ಪೆಟ್ಟು ಇದ್ದವರು ಮೊದಲು ಡಾಕ್ಟರನ್ನು ಕಂಡೇ ಶುರುಮಾಡಿ.

ಮೊದಲು ಬೆಟ್ಟವನ್ನು ಅಳೆದುಕೊಳ್ಳಿ

"ಎಷ್ಟು ಕಿಲೋಮೀಟರ್?" ಎಂದು ಕೇಳುವುದು ನಮ್ಮ ರೂಢಿ. ಬೆಟ್ಟದ ವಿಷಯದಲ್ಲಿ ಅದು ಅರ್ಧ ಪ್ರಶ್ನೆ. ಎಷ್ಟು ಮೀಟರ್ ಏರು ಎಂಬುದು ಉಳಿದರ್ಧ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಒಂದು ಸುಲಭದ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಪ್ರತಿ 5 ಕಿ.ಮೀ.ಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಸುಮಾರು 12–13 ಕಿ.ಮೀ. ಅಂದರೆ ದೂರಕ್ಕೆ ಎರಡೂವರೆ ತಾಸು, ಏರಿಗೆ ಎರಡೂವರೆ ತಾಸು, ಒಟ್ಟು ಐದು. ಇದು ಎಲ್ಲೂ ನಿಲ್ಲದೆ, ತಂಪು ಹವೆಯಲ್ಲಿ, ಗಟ್ಟಿಮುಟ್ಟಾದವರು ನಡೆದಾಗಿನ ಲೆಕ್ಕ. ನಮ್ಮ ಬಿಸಿಲು, ಸೆಖೆ, ಬೆನ್ನ ಮೇಲಿನ ಚೀಲ, ಊಟ, ಫೋಟೊ ಎಲ್ಲ ಸೇರಿಸಿದರೆ ನಾನು ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳುತ್ತೇನೆ.

ಈ 600 ಮೀಟರ್ ಎಂಬ ಅಂಕಿ ನಮಗೆ ಇನ್ನೊಂದು ಕಡೆ ನೆರವಿಗೆ ಬರುತ್ತದೆ. ಟ್ರೆಡ್‌ಮಿಲ್ಲನ್ನು ಶೇ. 12ರ ಏರಿಗೆ ಹಾಕಿ, ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದು ತಾಸು ನಡೆದರೆ ಏರಿದ ಎತ್ತರ ಸರಿಯಾಗಿ 600 ಮೀಟರ್ (5,000 ಮೀಟರಿನ ಶೇ. 12). ವೇಗ 4 ಕಿ.ಮೀ. ಇದ್ದರೆ 480. ಅಪಾರ್ಟ್‌ಮೆಂಟಿನ ಮೆಟ್ಟಿಲಾದರೆ ಒಂದು ಮಹಡಿಗೆ ಸುಮಾರು 3 ಮೀಟರ್, ಹತ್ತು ಮಹಡಿಯನ್ನು ಹತ್ತು ಸಲ ಹತ್ತಿದರೆ 300 ಮೀಟರ್. ಜಿಮ್‌ನ ಬಾಕ್ಸ್ 40 ಸೆಂ.ಮೀ. ಎತ್ತರವಿದ್ದು ನೂರು ಸಲ ಹತ್ತಿ ಇಳಿದರೆ 40 ಮೀಟರ್. ಇಂದಿನಿಂದ ನಿಮ್ಮ ಡೈರಿಯಲ್ಲಿ ನಿಮಿಷದ ಬದಲು, ಕ್ಯಾಲೊರಿಯ ಬದಲು ಮೀಟರ್ ಬರೆಯಿರಿ, ಏರಿದ್ದು ಎಷ್ಟು, ಇಳಿದದ್ದು ಎಷ್ಟು ಎಂದು ಬೇರೆ ಬೇರೆಯಾಗಿ. ಎರಡು ವಾರ ಬರೆದರೆ ಒಂದು ಸತ್ಯ ಎದ್ದು ಕಾಣುತ್ತದೆ: ಜಿಮ್‌ಗೆ ಹೋಗುವವರ ಇಳಿದ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಟ್ರೆಡ್‌ಮಿಲ್ ಏರಿಸುತ್ತದೆ, ಇಳಿಸುವುದಿಲ್ಲ. ಮೆಟ್ಟಿಲಿನ ಯಂತ್ರದ ಕಥೆಯೂ ಅಷ್ಟೆ.

ಕಾಲಿನ ಪರೀಕ್ಷೆ

ಕಾರ್ಯಕ್ರಮ ಶುರುಮಾಡುವ ಮುನ್ನ ಹತ್ತು ನಿಮಿಷ ಕೊಡಿ. ಸುಮಾರು 20 ಸೆಂ.ಮೀ. ಎತ್ತರದ ಮೆಟ್ಟಿಲ ಅಂಚಿನಲ್ಲಿ ಕನ್ನಡಿಗೆ ಎದುರಾಗಿ ಒಂದು ಕಾಲಿನಲ್ಲಿ ನಿಲ್ಲಿ. ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ಮೆತ್ತಗೆ ತಾಗುವ ತನಕ ನಿಧಾನ ಇಳಿಯಿರಿ, ಮೇಲೇಳಿ. ಹತ್ತು ಸಲ. ನಿಂತ ಕಾಲಿನ ಮಂಡಿ ಒಳಕ್ಕೆ ವಾಲುತ್ತಿದೆಯೇ, ಸೊಂಟ ಒಂದು ಕಡೆ ಕುಸಿಯುತ್ತಿದೆಯೇ, ಹಿಮ್ಮಡಿ ದೊಪ್ಪೆಂದು ಬೀಳುತ್ತಿದೆಯೇ ನೋಡಿ. ಆಮೇಲೆ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಇಪ್ಪತ್ತು ಸಲ. ಕೊನೆಗೆ ಶೂ ಬಿಚ್ಚಿ ಒಂಟಿ ಕಾಲಲ್ಲಿ ಅರ್ಧ ನಿಮಿಷ ನಿಲ್ಲುವುದು.

ಈ ಮೊದಲ ಪರೀಕ್ಷೆಯಲ್ಲಿ ನೂರು ಕೆ.ಜಿ. ಸ್ಕ್ವಾಟ್ ಮಾಡುವವರೂ ತಡವರಿಸುವುದನ್ನು ಕಂಡಿದ್ದೇನೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಯಾರೂ ಅದನ್ನು ಕಲಿಸಿರುವುದಿಲ್ಲ ಅಷ್ಟೆ.

ಇಳಿಯುವುದನ್ನು ಅಭ್ಯಾಸ ಮಾಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ, ಹಿಗ್ಗುತ್ತಲೇ ಭಾರ ತಡೆಯಬೇಕು. ಉಸಿರಿಗೆ ಅದು ಹಗುರ, ಹಾಗಾಗಿ ಸುಲಭವೆನಿಸುತ್ತದೆ. ಆದರೆ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು ಇಲ್ಲೇ. ಒಂದರಿಂದ ಮೂರನೇ ದಿನದವರೆಗೆ ಏರುವ ಆ ನೋವಿಗೆ ಕಾರಣವೂ ಇದೇ. ಒಳ್ಳೆಯ ಸುದ್ದಿಯೂ ಇದರಲ್ಲೇ ಇದೆ. ಇಂಥ ಕೆಲಸವನ್ನು ಒಮ್ಮೆ ಸ್ವಲ್ಪ ಪ್ರಮಾಣದಲ್ಲಿ ಮಾಡಿ ಚೇತರಿಸಿಕೊಂಡ ಸ್ನಾಯು, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಅಂದರೆ ಬೆಟ್ಟದ ನೋವನ್ನು ಮೊದಲೇ ಕಂತಿನಲ್ಲಿ ಕಟ್ಟಿ ಮುಗಿಸಬಹುದು.

ಮೇಲೆ ಹೇಳಿದ ಮೆಟ್ಟಿಲಿಳಿಯುವ ಪರೀಕ್ಷೆಯೇ ನಿಮ್ಮ ಮುಖ್ಯ ವ್ಯಾಯಾಮ. ಮೂರು ಎಣಿಸುತ್ತಾ ಇಳಿಯಿರಿ, ಒಂದು ಎಣಿಸಿ ಏಳಿ. ಒಂದೊಂದು ಕಾಲಿಗೆ ಎಂಟರಂತೆ ಮೂರು ಸುತ್ತು. ಮೊದಲ ವಾರ ಬರಿಗೈ, 15 ಸೆಂ.ಮೀ. ಎತ್ತರ ಸಾಕು. ಮಂಡಿ ಕಾಲ್ಬೆರಳಿನ ನೇರಕ್ಕೇ ಹೋಗುತ್ತಿದ್ದರೆ ಮಾತ್ರ 20, ಆಮೇಲೆ 25 ಸೆಂ.ಮೀ.ಗೆ ಏರಿಸಿ. ಐದನೇ ವಾರದಿಂದ ಕೈಗೆ ಡಂಬೆಲ್ ಅಥವಾ ಬೆನ್ನಿಗೆ ಚೀಲ.

ಇದರ ಜೊತೆಗೆ ಹಿಂದಕ್ಕೆ ಕಾಲಿಡುವ ಲಂಜ್, ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್, ತೊಡೆಯ ಹಿಂಭಾಗಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್. ಎಲ್ಲದರಲ್ಲೂ ಇಳಿಯುವ ಭಾಗ ನಿಧಾನವಾಗಿರಲಿ. ಮೀನಖಂಡಕ್ಕೆ ಎರಡು ಬಗೆಯ ಕೆಲಸ ಬೇಕು. ನಿಂತು ಹಿಮ್ಮಡಿ ಎತ್ತುವುದು ಒಂದು, ಮಂಡಿ ಮಡಿಸಿ ಕುಳಿತು ಎತ್ತುವುದು ಇನ್ನೊಂದು. ಗಂಟೆಗಟ್ಟಲೆ ಏರಿನಲ್ಲಿ ದುಡಿಯುವ ಒಳಗಿನ ಸ್ನಾಯುವಿಗೆ ಈ ಕುಳಿತು ಮಾಡುವ ವ್ಯಾಯಾಮವೇ ಹೆಚ್ಚು ತಾಗುತ್ತದೆ, ಜಿಮ್‌ನಲ್ಲಿ ಹೆಚ್ಚಿನವರು ಬಿಡುವುದೂ ಅದನ್ನೇ. ಎರಡು ಕೈಯಲ್ಲೂ ಭಾರದ ಡಂಬೆಲ್ ಹಿಡಿದು ಹಾಲ್‌ನ ಉದ್ದಕ್ಕೆ ನಡೆಯುವ ಫಾರ್ಮರ್ಸ್ ವಾಕ್ ಚೀಲ ಹೊರುವ ಬೆನ್ನು, ಭುಜಕ್ಕೆ ಒಳ್ಳೆಯದು. ಒಂದೇ ಕೈಯಲ್ಲಿ ಹಿಡಿದು ನಡೆದರೆ ಸೊಂಟದ ಬದಿಯೂ ಗಟ್ಟಿಯಾಗುತ್ತದೆ. ಬೆಂಚ್ ಪ್ರೆಸ್, ಬೈಸೆಪ್ಸ್ ನಿಮ್ಮ ಖುಷಿಗೆ ಇರಲಿ, ಆದರೆ ಕಾಲಿನ ದಿನವನ್ನು ತಿನ್ನದಿರಲಿ.

ಯಂತ್ರದಲ್ಲಿ ಕುಳಿತು ಕಾಲು ಚಾಚುವ ಲೆಗ್ ಎಕ್ಸ್‌ಟೆನ್ಶನ್, ಲೆಗ್ ಪ್ರೆಸ್ ಬೇಡವೇ ಎಂದು ಕೇಳುತ್ತಾರೆ. ಬೇಡವೆನ್ನುವುದಿಲ್ಲ. ಆದರೆ ಅಲ್ಲಿ ಸಮತೋಲನದ ಕೆಲಸವನ್ನು ಯಂತ್ರ ಮಾಡುತ್ತದೆ, ನೀವಲ್ಲ. ಕಲ್ಲಿನ ಮೇಲೆ ಹೆಜ್ಜೆ ಅಲುಗಿದಾಗ ಆಧಾರಕ್ಕೆ ನಿಲ್ಲುವ ಪಾದ, ಹರಡು, ಸೊಂಟದ ಸಣ್ಣ ಸ್ನಾಯುಗಳಿಗೆ ಅದರಿಂದ ಹೆಚ್ಚೇನೂ ಸಿಗದು. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ, ಅದಕ್ಕೆ ಬೇರೆ ಸಮಯ ಬೇಕಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಒಂದು ಮಾತು. ಟ್ರೆಡ್‌ಮಿಲ್ಲಿಗಿಂತ ನಿಮ್ಮ ಮೆಟ್ಟಿಲು ಮೇಲು. ಮೆಟ್ಟಿಲಲ್ಲಿ ಹತ್ತಿ, ಲಿಫ್ಟಿನಲ್ಲಿ ಇಳಿದು, ಮತ್ತೆ ಹತ್ತುವವರನ್ನು ನೋಡಿದ್ದೇನೆ. ಬೆಟ್ಟಕ್ಕೆ ತಯಾರಾಗುವವರು ಆ ಲಿಫ್ಟನ್ನು ಬಿಡಬೇಕು.

ಉಸಿರು, ಮತ್ತು ಚಾಮುಂಡಿ ಬೆಟ್ಟದ ಹೆಂಗಸರು

ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು ಈ ದೃಶ್ಯವನ್ನು ನೋಡಿಯೇ ಇರುತ್ತೀರಿ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಮೇಲೇರುತ್ತಾರೆ. ವಯಸ್ಸಾದವರೂ ಇರುತ್ತಾರೆ. ನಿಲ್ಲುವುದಿಲ್ಲ, ಓಡುವುದಿಲ್ಲ, ಪಕ್ಕದವರ ಜೊತೆ ಮಾತೂ ನಡೆದಿರುತ್ತದೆ. ಪಕ್ಕದಲ್ಲೇ ಜಿಮ್ ಹುಡುಗರು ಐವತ್ತು ಮೆಟ್ಟಿಲು ಓಡಿ, ಮಂಡಿ ಮೇಲೆ ಕೈಯೂರಿ ಏದುಸಿರು ಬಿಟ್ಟು, ಮತ್ತೆ ಐವತ್ತು ಓಡುತ್ತಾರೆ. ಬೆಟ್ಟದ ನಡಿಗೆಯ ಗುರು ಯಾರು ಎಂದು ಕೇಳಿದರೆ ನಾನು ಆ ಹೆಂಗಸರನ್ನು ತೋರಿಸುತ್ತೇನೆ.

ಮಾತಾಡುತ್ತಾ ನಡೆಯಬಲ್ಲ ವೇಗವೇ ದೀರ್ಘ ಚಾರಣದ ವೇಗ. ಪೂರ್ತಿ ವಾಕ್ಯ ಆಡಲು ಆಗಬೇಕು, ಹಾಡಲು ಆಗಬಾರದು. ಟ್ರೆಡ್‌ಮಿಲ್ ಮೇಲೆ ಆ ವೇಗ ಕಂಡುಕೊಳ್ಳಿ. ಏರು ಶೇ. 6ರಿಂದ ಶುರುಮಾಡಿ ವಾರಕ್ಕೆ ಒಂದೋ ಎರಡೋ ಹೆಚ್ಚಿಸುತ್ತಾ 12ರವರೆಗೆ ಒಯ್ಯಿರಿ, ಉಸಿರು ಮೀರಿದರೆ ವೇಗ ಇಳಿಸಿ, ಏರನ್ನು ಇಳಿಸಬೇಡಿ. ಒಂದು ಕಟ್ಟುನಿಟ್ಟು: ಮುಂದಿನ ಕಂಬಿ ಹಿಡಿದು ಹಿಂದಕ್ಕೆ ವಾಲಬಾರದು. ಹಾಗೆ ನಡೆದರೆ ಪರದೆಯ ಮೇಲಿನ ಅಂಕಿ ಏರುತ್ತದೆ, ಕೆಲಸ ಆಗುವುದಿಲ್ಲ. ವಾರದಲ್ಲಿ ಒಂದು ದಿನ ಮಾತ್ರ ಜೋರಿನ ಕೆಲಸ ಇರಲಿ: ಮೂರು ನಿಮಿಷ ಏದುಸಿರು ಬರುವಷ್ಟು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ. ಬೆಟ್ಟದ ಕಡಿದಾದ ತುಣುಕುಗಳಿಗೆ ಅಷ್ಟು ಸಾಕು.

ಹತ್ತು ವಾರ

ಮೊದಲ ಮೂರು ವಾರ ಅಡಿಪಾಯ. ಮೂರು ದಿನ ಜಿಮ್‌ನಲ್ಲಿ ಮೇಲಿನ ವ್ಯಾಯಾಮ, ಪ್ರತಿದಿನ ಕೊನೆಗೆ ಅರ್ಧ ತಾಸು ಏರುನಡಿಗೆ, ಚೀಲವಿಲ್ಲದೆ. ಭಾನುವಾರ ಆರೆಂಟು ಕಿ.ಮೀ. ನಡಿಗೆ, ಸಾಧ್ಯವಾದರೆ ಕಾಂಕ್ರೀಟ್ ಬಿಟ್ಟು ಮಣ್ಣಿನ ನೆಲದಲ್ಲಿ. ವಾರದ ಒಟ್ಟು ಏರು 300–400 ಮೀಟರ್ ಆದರೆ ಸಾಕು. ಈ ಹಂತದಲ್ಲಿ ಮೈಯಲ್ಲಿ ಇನ್ನೂ ಮಾಡುವ ಹುರುಪು ಇರುತ್ತದೆ. ತಡೆದುಕೊಳ್ಳಿ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜು ತಡವಾಗಿ.

ನಾಲ್ಕರಿಂದ ಏಳನೇ ವಾರದಲ್ಲಿ ಚೀಲ ಬರುತ್ತದೆ. 3 ಕೆ.ಜಿ.ಯಿಂದ ಶುರುಮಾಡಿ ವಾರಕ್ಕೊಂದು ಕೆ.ಜಿ.ಯಂತೆ 6–7ರವರೆಗೆ. ಒಂದು ದಿನದ ಚಾರಣಕ್ಕೆ ಮೂರು ಲೀಟರ್ ನೀರು, ಊಟ, ಮಳೆಯಂಗಿ ಸೇರಿದರೆ ಅಷ್ಟೇ ಆಗುವುದು. ಚೀಲಕ್ಕೆ ನೀರಿನ ಬಾಟಲಿಯನ್ನೇ ತುಂಬಿ. ಸುಸ್ತಾದರೆ ಚೆಲ್ಲಿ ಹಗುರ ಮಾಡಿಕೊಳ್ಳಬಹುದು. ಏರುನಡಿಗೆ ಐವತ್ತು ನಿಮಿಷದಿಂದ ಒಂದು ತಾಸು, ವಾರದಲ್ಲಿ ಎರಡು ಸಲ. ಒಂದು ದಿನ ಮೆಟ್ಟಿಲು, ಹತ್ತುವುದೂ ಇಳಿಯುವುದೂ. ಪ್ರತಿ ಎರಡನೇ ಭಾನುವಾರ ನಿಜವಾದ ಬೆಟ್ಟ. ಏಳನೇ ವಾರದ ಕೊನೆಗೆ ವಾರಕ್ಕೆ ಏರು 1,000 ಮೀಟರಿನ ಹತ್ತಿರ, ಇಳಿದದ್ದು ಕನಿಷ್ಠ ಅದರ ಅರ್ಧ ಇರಬೇಕು.

ಎಂಟು, ಒಂಬತ್ತನೇ ವಾರ ಅತಿ ಕಷ್ಟದವು. ಇಲ್ಲಿ ನಾನು ಎರಡು ದಿನ ಜೋಡಿಸುತ್ತೇನೆ. ಶನಿವಾರ ಬೆಟ್ಟ, ಭಾನುವಾರ ಬಳಲಿದ ಕಾಲಲ್ಲೇ ಹತ್ತು ಕಿ.ಮೀ. ನಡಿಗೆ. ದಣಿದ ಕಾಲು ಹೇಗೆ ನಡೆಯುತ್ತದೆ, ಮನಸ್ಸು ಏನನ್ನುತ್ತದೆ ಎಂದು ಗೊತ್ತಾಗುವುದು ಆ ಭಾನುವಾರವೇ. ಜಿಮ್‌ನ ಭಾರದ ದಿನಗಳನ್ನು ಎರಡಕ್ಕೆ ಇಳಿಸಿ. ಹತ್ತನೇ ವಾರ ಎಲ್ಲವನ್ನೂ ಅರ್ಧಕ್ಕೆ ತನ್ನಿ, ಕಾಲಿನ ಭಾರದ ವ್ಯಾಯಾಮವನ್ನು ಚಾರಣಕ್ಕೆ ನಾಲ್ಕು ದಿನ ಮೊದಲೇ ನಿಲ್ಲಿಸಿ. ಕೊನೆಯ ದಿನಗಳಲ್ಲಿ ಮಾಡಿದ ವ್ಯಾಯಾಮದಿಂದ ಶಕ್ತಿ ಬರುವುದಿಲ್ಲ, ಸುಸ್ತು ಮಾತ್ರ ಬೆಟ್ಟಕ್ಕೆ ಜೊತೆಯಾಗಿ ಬರುತ್ತದೆ.

ನೋವಿನ ಬಗ್ಗೆ ಒಂದು ಗೆರೆ ಹಾಕಿಕೊಳ್ಳಿ. ತೊಡೆ, ಮೀನಖಂಡದ ಸ್ನಾಯು ಎರಡೂ ಕಾಲಿನಲ್ಲಿ ಸಮನಾಗಿ ನೋಯುವುದು ಸಹಜ. ಮಂಡಿ ಚಿಪ್ಪಿನ ಸುತ್ತ, ಮಂಡಿಯ ಹೊರಬದಿ, ಹಿಮ್ಮಡಿಯ ಹಿಂದೆ, ಒಂದೇ ಕಡೆ ಚುಚ್ಚಿದಂತೆ ನೋಯುವುದು ಸಹಜವಲ್ಲ. ಆ ವಾರ ಇಳಿಯುವ ಕೆಲಸ ನಿಲ್ಲಿಸಿ, ನೋವು ಉಳಿದರೆ ಫಿಸಿಯೋಥೆರಪಿಸ್ಟನ್ನು ಕಾಣಿ.

ಯಾವ ಬೆಟ್ಟ, ಯಾವ ಕ್ರಮದಲ್ಲಿ

ಬೆಂಗಳೂರಿನವರ ಭಾಗ್ಯ ದೊಡ್ಡದು. ಒಂದೆರಡು ತಾಸಿನ ದಾರಿಯಲ್ಲಿ ಎಷ್ಟೊಂದು ಬೆಟ್ಟಗಳಿವೆ. ಮೊದಲಿಗೆ ಮೆಟ್ಟಿಲಿರುವವು: ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟ, ಮೈಸೂರಿನವರಿಗೆ ಚಾಮುಂಡಿ. ಚಾಮುಂಡಿಯಲ್ಲಿ ಏಳುನೂರನೇ ಮೆಟ್ಟಿಲ ಆಸುಪಾಸಿನಲ್ಲಿ ದೊಡ್ಡ ನಂದಿ ಸಿಗುತ್ತಾನೆ. ಮೊದಲ ದಿನ ಅಲ್ಲಿಗೇ ತಿರುಗಿ, ಎರಡನೇ ಸಲ ತುದಿಗೆ ಹೋಗಿ. ಇಳಿಯುವುದೂ ಮೆಟ್ಟಿಲಲ್ಲೇ ಆಗಬೇಕು, ಬಸ್ಸಿನಲ್ಲಲ್ಲ.

ಆಮೇಲೆ ಶಿವಗಂಗೆ. ಅರ್ಧ ಮೆಟ್ಟಿಲು, ಅರ್ಧ ಕಂಬಿ ಹಿಡಿದು ಹತ್ತುವ ಬಂಡೆ. ಅದಾದ ಮೇಲೆ ಮಾಗಡಿಯ ಬಳಿಯ ಸಾವನದುರ್ಗ, 1,226 ಮೀಟರ್ ಎತ್ತರದ ಏಕಶಿಲೆ. ಇಲ್ಲಿ ಮೆಟ್ಟಿಲಿಲ್ಲ, ಬರಿ ಇಳಿಜಾರು ಬಂಡೆ. ಪಾದವನ್ನು ಪೂರ್ತಿ ಊರಿ ನಡೆಯುವುದನ್ನು, ಮೀನಖಂಡ ಹರಿದುಹೋಗುವಂತೆ ಎಳೆದರೂ ನಿಧಾನ ಬಿಡದಿರುವುದನ್ನು ಈ ಬಂಡೆ ಕಲಿಸುತ್ತದೆ. ನೀವು ನಡೆಯುವ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಅಲ್ಲಿಂದ ಬಂದ ಹೆಸರು. ಮಳೆ ಬಂದ ದಿನ, ಮಳೆ ಬರುವ ಲಕ್ಷಣವಿದ್ದ ದಿನ ಸಾವನದುರ್ಗ ಹತ್ತಬೇಡಿ. ಒದ್ದೆ ಬಂಡೆಯ ಮೇಲೆ ಯಾವ ಜಿಮ್ಮಿನ ಕಾಲೂ ನಿಲ್ಲುವುದಿಲ್ಲ. ಮಧುಗಿರಿಯ ಏಕಶಿಲಾ ಕೋಟೆಗೂ ಇದೇ ಮಾತು.

ಹತ್ತನೇ ವಾರದ ಬೆಟ್ಟ ನಿಮ್ಮ ಆಯ್ಕೆ. ಕೊಡಗಿನ ತಡಿಯಂಡಮೋಳ್ (1,748 ಮೀಟರ್) ಮೊದಲ ದೊಡ್ಡ ಚಾರಣಕ್ಕೆ ನನ್ನ ಸಲಹೆ. ನಾಲ್ಕುನಾಡು ಅರಮನೆಯ ಬಳಿಯಿಂದ ದಾರಿ ನಯವಾಗಿ ಶುರುವಾಗಿ ಕೊನೆಯಲ್ಲಿ ಮಾತ್ರ ಕಡಿದಾಗುತ್ತದೆ. ಮುಳ್ಳೋಡಿ ಕಡೆಯ ಕುದುರೆಮುಖ ಹೋಗಿಬರಲು 20 ಕಿ.ಮೀ.ಗೆ ಕಡಿಮೆಯಿಲ್ಲ, ಏರಿಗಿಂತ ಉದ್ದವೇ ಅದರ ಕಷ್ಟ. ಕುಕ್ಕೆ ಕಡೆಯ ಕುಮಾರ ಪರ್ವತ (1,712 ಮೀಟರ್) ಇವೆಲ್ಲಕ್ಕಿಂತ ಕಠಿಣ, ಅದನ್ನು ಎರಡನೇ ಹತ್ತು ವಾರಕ್ಕೆ ಇಟ್ಟುಕೊಳ್ಳಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೂ ರಸ್ತೆ ಇದೆ. ಎತ್ತರದ ಅಂಕಿ ನೋಡಿ ಕಷ್ಟ ಅಳೆಯಬಾರದು ಎನ್ನುವುದಕ್ಕೆ ಅದೇ ಸಾಕ್ಷಿ.

ಅನುಮತಿ ಮತ್ತು ಕಾಲ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಗೆ ಕುಮಾರ ಪರ್ವತದಲ್ಲಿ ಜನ ಜಾತ್ರೆಯಂತೆ ಸೇರಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಕೆಲಕಾಲ ನಿಲ್ಲಿಸಿ, ದಿನಕ್ಕೆ ಇಂತಿಷ್ಟು ಜನ ಎಂಬ ಮಿತಿ ತಂದಿತು. ಈಗ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ಈ ಮಿತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವಾಗ ಘಟ್ಟದ ಚಾರಣಗಳನ್ನು ಮುಚ್ಚುವುದು ವಾಡಿಕೆ, ಮಳೆಗಾಲದಲ್ಲೂ ಕೆಲವು ದಾರಿ ಮುಚ್ಚಿರುತ್ತವೆ. ಹಾಗಾಗಿ ಮಲೆನಾಡಿಗೆ ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ಅಲ್ಲಿಂದ ಹತ್ತು ವಾರ ಹಿಂದಕ್ಕೆ ಎಣಿಸಿದರೆ ಜಿಮ್‌ನ ತಯಾರಿ ಶುರುವಾಗಬೇಕಾದದ್ದು ಆಗಸ್ಟ್‌ನಲ್ಲಿ. ಹೊರಗೆ ಜಡಿಮಳೆ, ಒಳಗೆ ಟ್ರೆಡ್‌ಮಿಲ್: ಲೆಕ್ಕ ಸರಿಹೋಗುತ್ತದೆ.

ಕಾಲಿಗೆ, ಬೆನ್ನಿಗೆ, ಹೊಟ್ಟೆಗೆ

ಜಿಮ್ ಶೂ ಬೆಟ್ಟಕ್ಕೆ ಆಗದು. ತಳ ನುಣುಪು, ಬದಿ ಮೆದು. ಬಯಲುಸೀಮೆಯ ಬಂಡೆಗೆ ಹಿಡಿತದ ಮೆದು ರಬ್ಬರ್, ಮಲೆನಾಡಿನ ಜಾರುಮಣ್ಣಿಗೆ ಆಳವಾದ ಹಲ್ಲಿನ ತಳ ಬೇಕು. ಎರಡಕ್ಕೂ ಒಂದೇ ಕೊಳ್ಳುವುದಾದರೆ ಹಲ್ಲಿರುವುದನ್ನೇ ಕೊಳ್ಳಿ. ಸಂಜೆ ಪಾದ ಸ್ವಲ್ಪ ಊದಿರುವಾಗ ಅಂಗಡಿಗೆ ಹೋಗಿ, ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರುವ ಹಾಗೆ ಆರಿಸಿ. ಇಳಿಯುವಾಗ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುವುದು ತಪ್ಪುತ್ತದೆ. ಉಗುರು ಎರಡು ದಿನ ಮೊದಲೇ ಕತ್ತರಿಸಿಕೊಳ್ಳಿ. ಏಳನೇ ವಾರದ ಹೊತ್ತಿಗೆ ಆ ಶೂ ಹಳತಾಗಿರಬೇಕು. ಊರುಗೋಲು ಎರಡಿದ್ದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಕೊಂಡು ತನ್ನಿ, ಕಾಡಿನ ಎಳೆಯ ಗಿಡ ಕಡಿಯಬೇಡಿ.

ಊಟಕ್ಕೆ ನಮ್ಮ ಅಜ್ಜಿಯರ ಕಾಲದ ಬುತ್ತಿಯನ್ನು ಮೀರಿದ್ದು ಸಿಕ್ಕಿಲ್ಲ. ಪುಳಿಯೋಗರೆ ಇಡೀ ದಿನ ಹಳಸುವುದಿಲ್ಲ, ಉಪ್ಪೂ ಹೊಟ್ಟೆಗೆ ಹೋಗುತ್ತದೆ. ಚಪಾತಿಗೆ ತುಪ್ಪ, ಬೆಲ್ಲ ಸುತ್ತಿದ ಸುರುಳಿ, ಕಡಲೆಬೀಜದ ಚಿಕ್ಕಿ, ಖರ್ಜೂರ. ದೊಡ್ಡ ಊಟ ಒಂದೇ ಸಲ ಬೇಡ, ಪ್ರತಿ ಮುಕ್ಕಾಲು ತಾಸಿಗೆ ಎರಡು ತುತ್ತು. ಜಿಮ್ ಮೊದಲು ಕುಡಿಯುವ ಪ್ರಿ-ವರ್ಕೌಟ್ ಪುಡಿಯನ್ನು ಬೆಟ್ಟಕ್ಕೆ ತರಬೇಡಿ. ಬಿಸಿಲು, ಬೆವರಿನ ನಡುವೆ ಎದೆಬಡಿತವನ್ನು ಇನ್ನಷ್ಟು ಏರಿಸುವ ಆ ಕೆಫೀನ್ ಕೆಲಸಕ್ಕೆ ಬಾರದು. ಬರಿ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ತಪ್ಪು. ಒಂದು ಲೀಟರಿನಲ್ಲಾದರೂ ಓಆರ್‌ಎಸ್ ಇರಲಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮನಾಗಿ ಅಳೆದು.

ಬೆಟ್ಟದ ದಿನ

ಬೆಳಕು ಹರಿಯುವ ಹೊತ್ತಿಗೆ ಗೇಟಿನ ಬಳಿ ಇರಿ. ಮೊದಲ ಅರ್ಧ ತಾಸು ಬೇಕೆಂದೇ ನಿಧಾನ ನಡೆಯಿರಿ. ಯಾವ ಹೊತ್ತಿಗೆ ತಿರುಗಬೇಕು ಎಂದು ಕೆಳಗೇ ತೀರ್ಮಾನಿಸಿ, ತುದಿ ಇನ್ನು ಹತ್ತೇ ನಿಮಿಷ ಎನಿಸಿದರೂ ಆ ಹೊತ್ತಿಗೆ ತಿರುಗಿ. ಘಟ್ಟದೊಳಗೆ ಫೋನ್ ಸಿಗ್ನಲ್ ನಂಬುವಂತಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಮನೆಯಲ್ಲಿ ಒಬ್ಬರಿಗೆ ವಾಪಸಾಗುವ ಸಮಯ ಹೇಳಿ ಹೊರಡಿ. ಆನೆ ಓಡಾಡುವ ಜಾಗದಲ್ಲಿ ಗೈಡ್ ನಿಲ್ಲಿ ಎಂದರೆ ನಿಲ್ಲಬೇಕು, ಹಿಂತಿರುಗಿ ಎಂದರೆ ಹಿಂತಿರುಗಬೇಕು. ಹಾಡಿನ ಸ್ಪೀಕರ್ ಜಿಮ್‌ನಲ್ಲೇ ಇರಲಿ.

ಇಳಿಯುವಾಗ ಆಗುಂಬೆ ಘಾಟಿ ಇಳಿಸುವ ಬಸ್ ಡ್ರೈವರನ್ನು ನೆನೆಯಿರಿ. ಅವರು ಬ್ರೇಕ್ ಒತ್ತಿಕೊಂಡೇ ಬರುವುದಿಲ್ಲ, ಗೇರ್ ಇಳಿಸಿಕೊಳ್ಳುತ್ತಾರೆ. ನಿಮ್ಮ ಕೆಳ ಗೇರ್ ಎಂದರೆ ಚಿಕ್ಕ ಹೆಜ್ಜೆ. ಮಂಡಿ ಸದಾ ತುಸು ಬಾಗಿರಲಿ, ನೆಟ್ಟಗಾದ ಕಾಲಿನ ಮೇಲೆ ಧೊಪ್ಪನೆ ಇಳಿಯಬೇಡಿ. ಹಿಂದಕ್ಕೆ ವಾಲಬೇಡಿ, ಜಾರುವುದೇ ಹಾಗೆ ವಾಲಿದಾಗ. ದೊಡ್ಡ ಕಲ್ಲಿನಿಂದ ಹಾರುವ ಬದಲು ಪಕ್ಕದಲ್ಲಿ ಎರಡು ಸಣ್ಣ ಹೆಜ್ಜೆ ಹುಡುಕಿ. ಶೂ ದಾರವನ್ನು ಇಳಿಯುವ ಮುನ್ನ ಹರಡಿನ ಬಳಿ ಬಿಗಿ ಮಾಡಿಕೊಳ್ಳಿ.

ಎರಡನೇ ಸಲ ಕುಮಾರ ಪರ್ವತಕ್ಕೆ ಹೋದಾಗ ನನ್ನ ಸ್ಕ್ವಾಟ್ ಮೊದಲಿಗಿಂತ ಕಡಿಮೆಯೇ ಇತ್ತು. ಗಿರಿಗದ್ದೆಯ ಕೆಳಗಿನ ಅದೇ ಕಾಡಿನಲ್ಲಿ ಈ ಸಲ ತಲೆಯೆತ್ತಿ ನಡೆದೆ. ಮೇಲೆ ಎಲ್ಲೋ ರೆಕ್ಕೆ ಬೀಸುವ ದೊಡ್ಡ ಸದ್ದು ಬಂತು, ರೈಲು ಹೊರಟ ಹಾಗೆ. ಮಂಗಟ್ಟೆ ಹಕ್ಕಿ. ಕೊಂಬೆಯಿಂದ ಕೊಂಬೆಗೆ ಕೆಂದಳಿಲು ನೆಗೆಯಿತು. ಹುಲ್ಲುಗಾವಲಿನ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು ಅಡಗಿ ಕುಳಿತಿರುವುದನ್ನು, ಅದರೊಳಗಿಂದ ನೀರು ಜಿನುಗಿ ತೊರೆಯಾಗುವುದನ್ನು ಕುಳಿತು ನೋಡಿದೆ. ಮೊದಲ ಸಲವೂ ಇವೆಲ್ಲ ಅಲ್ಲೇ ಇದ್ದಿರಬೇಕು. ಬೆಂಗಳೂರಿನ ಸುತ್ತಲ ಬೆಟ್ಟಗಳಲ್ಲೂ ನೋಡುವುದಕ್ಕೆ ಕಡಿಮೆಯಿಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಗಿ ಘೋಷಣೆಯಾದ ಜಾಗ. ಜಿಮ್ ಚೀಲದ ಪಕ್ಕದಲ್ಲಿ ಒಂದು ಬೈನಾಕ್ಯುಲರ್ ಇಟ್ಟುಕೊಳ್ಳಿ.

ಉಂಬಳ, ಉಣ್ಣೆ, ಹಾವು

ಮಳೆ ಕಳೆದ ಹೊಸತರಲ್ಲಿ ಮಲೆನಾಡಿನಲ್ಲಿ ಉಂಬಳ ಇದ್ದೇ ಇರುತ್ತದೆ. ಉದ್ದನೆಯ ಲೀಚ್ ಸಾಕ್ಸ್ ಹಾಕಿ, ಹತ್ತಿದ್ದಕ್ಕೆ ಉಪ್ಪು ಅಥವಾ ಸುಣ್ಣ ಮುಟ್ಟಿಸಿ. ರಕ್ತ ತುಸು ಹೊತ್ತು ಹರಿಯುತ್ತದೆ, ಗಾಬರಿ ಬೇಡ. ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕೈಕಾಲು ಅಲುಗದ ಹಾಗೆ ಇಟ್ಟು, ಅವರನ್ನು ನಡೆಸದೆ ಹೊತ್ತು ಇಳಿಸಿ. 108ಕ್ಕೆ ಕರೆ ಮಾಡಿ. ಕಚ್ಚಿಸಿಕೊಂಡವರನ್ನು ಹೊರಲು ಜೊತೆಯಲ್ಲಿ ಜನ ಬೇಕು, ಆದ್ದರಿಂದ ಒಬ್ಬರೇ ಹೋಗಬೇಡಿ.

ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳು ಉಣ್ಣೆಯ (ಟಿಕ್) ಬಗ್ಗೆ ಊರಿನವರಿಗೆ ಇರುವ ಎಚ್ಚರ ನಗರದಿಂದ ಬರುವವರಿಗೆ ಇರುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣ್ಣೆಗಳಿಂದ. ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಚಾರಣದ ಕಾಲದಲ್ಲೇ, ಅದರ ಹಾವಳಿ. ಮೈತುಂಬ ಬಟ್ಟೆ ತೊಡಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ತರಗೆಲೆಯ ಮೇಲೆ ಹಾಗೇ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಸಂಜೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಕಂಕುಳು, ತೊಡೆಸಂದಿ, ಮಂಡಿಯ ಹಿಂದೆ ನೋಡಿಕೊಳ್ಳಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

ಮರುದಿನ ಪೂರ್ತಿ ಮಲಗಬೇಡಿ, ಅರ್ಧ ತಾಸು ಮೆಲ್ಲಗೆ ನಡೆಯಿರಿ. ಮೂರನೇ ದಿನ ಮೆಟ್ಟಿಲಿಳಿದು ನೋಡಿ, ತೊಡೆ ಎಷ್ಟು ನೋಯಿತು ಎಂಬುದನ್ನು ಡೈರಿಯಲ್ಲಿ ಬರೆದಿಡಿ. ಮುಂದಿನ ಹತ್ತು ವಾರದಲ್ಲಿ ಇಳಿಯುವ ಕೆಲಸ ಎಷ್ಟು ಹೆಚ್ಚಬೇಕೆಂದು ಅದು ಹೇಳುತ್ತದೆ. ಚಾರಣವಾದ ಒಂದೆರಡು ವಾರದೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದನ್ನು ಬೆಟ್ಟ ಹತ್ತಿದ ಸುಸ್ತು ಎಂದುಕೊಂಡು ಮಾತ್ರೆ ನುಂಗಿ ಸುಮ್ಮನಿರಬೇಡಿ. ಡಾಕ್ಟರ ಬಳಿ ಹೋಗಿ, ಯಾವ ದಿನ ಯಾವ ಕಾಡಿಗೆ ಹೋಗಿದ್ದೆ ಎಂಬುದನ್ನು ಮೊದಲ ಮಾತಾಗಿ ಹೇಳಿ.